ಎರಡನೇ ಪುಸ್ತಕಕ್ಕೆ ಡ್ರ್ಯಾಗನ್ ಬೆಳೆದಿರುತ್ತದೆ, ಲೆಕ್ಕ ಹಾಕಿ

ಹದಿಹರೆಯದವರಿಗೆಂದು ಬರೆಯುವ ಡ್ರ್ಯಾಗನ್ ಕಾದಂಬರಿಗಳಲ್ಲಿ ಮೊದಲ ಪುಸ್ತಕ ಬಹುಪಾಲು ಒಂದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಮುಟ್ಟಬಾರದವರು ಮುಟ್ಟಿಕೊಂಡರು, ಯಾರೋ ನೋಡಿಬಿಟ್ಟರು, ಎಲ್ಲೋ ಬೆಂಕಿ ಬಿತ್ತು. ಓದಿದವರಿಗೆ ಹೊಟ್ಟೆ ತುಂಬಿತು. ಪೇಚಾಟ ಶುರುವಾಗುವುದು ಬರೆಯುವವರು ಮುಂದಿನ ಭಾಗಕ್ಕೆ ಕೂತಾಗ. ಮೊದಲ ಪುಸ್ತಕದ ಗಾಡಿ ಎಳೆದಿದ್ದು 'ಇವರಿಬ್ಬರೂ ಸೇರ್ತಾರಾ' ಅನ್ನುವ ಒಂದೇ ಎತ್ತು. ಆ ಎತ್ತು ಈಗ ಊರು ಮುಟ್ಟಿ ಮಲಗಿದೆ.

ಆಗ ಕೈಗೆ ಸಿಗುವ ಉಪಾಯಗಳು ಎಲ್ಲರಿಗೂ ಗೊತ್ತಿರುವವೇ. ಮೂರನೆಯವನೊಬ್ಬನನ್ನು ತರುವುದು. ಒಂದು ಮಾತು ಆಡಿದ್ದರೆ ಬಗೆಹರಿಯುತ್ತಿದ್ದ ತಪ್ಪು ತಿಳಿವಳಿಕೆಯನ್ನು ಇನ್ನೂರು ಪುಟ ಎಳೆಯುವುದು. ಹುಡುಗನನ್ನು ಅಪಹರಿಸಿ ಕತ್ತಲಕೋಣೆಗೆ ಹಾಕುವುದು. ಇವು ನಡೆಯುವುದಿಲ್ಲ ಅಂತಲ್ಲ. ಆದರೆ ಇವೆಲ್ಲ ಡ್ರ್ಯಾಗನ್ನೇ ಇಲ್ಲದ ಕಥೆಯಲ್ಲೂ ನಡೆಯುತ್ತವೆ. ನನ್ನ ಪ್ರಕಾರ ಎರಡನೇ ಪುಸ್ತಕ ಸೊರಗುವುದಕ್ಕೆ ಕಾರಣ ಅದೇ: ಪ್ರೇಮಕ್ಕೆ ಇರುವ ನಿಷೇಧ ಬರೀ ಕಾನೂನಿನಲ್ಲಿದೆ, ಡ್ರ್ಯಾಗನ್ನಿನ ಮೈಯಲ್ಲಿಲ್ಲ. ಕಾನೂನನ್ನು ಒಮ್ಮೆ ಮುರಿದರೆ ಮುರಿದಂತೆ. ಮೈಯಲ್ಲಿ ಇರುವುದನ್ನು ಹಾಗೆ ಮುರಿದು ಆಚೆ ಹೋಗುವುದಕ್ಕೆ ಆಗುವುದಿಲ್ಲ.

ಪರೀಕ್ಷೆ ಮಾಡುವುದು ಸುಲಭ. ಮೊದಲ ಪುಸ್ತಕದ ಕಥೆಯನ್ನು ಹತ್ತು ಸಾಲಿಗೆ ಇಳಿಸಿ, ಡ್ರ್ಯಾಗನ್ ಇರುವ ಕಡೆಯೆಲ್ಲ ಕುದುರೆ ಅಂತ ಬರೆದು ನೋಡಿ. ಕುದುರೆ ಸವಾರಿ ಮಾಡುವ ಎರಡು ಮನೆತನ, ಹಳೇ ವೈರ, ಇತ್ತಿನ ಹುಡುಗಿ, ಅತ್ತಿನ ಹುಡುಗ. ಕಥೆ ಅಲ್ಲಾಡದೆ ನಿಂತರೆ ಡ್ರ್ಯಾಗನ್ ಬರೀ ಪರದೆಯ ಚಿತ್ರ. ಆ ಕೊರತೆಯನ್ನು ಮೊದಲ ಪುಸ್ತಕದ ಹೊಸತನ ಮುಚ್ಚಿಕೊಂಡಿರುತ್ತದೆ, ಎರಡನೆಯದರಲ್ಲಿ ಅದು ಬಯಲಾಗುತ್ತದೆ.

ಮೈಯಲ್ಲೇ ನಿಷೇಧ ಇರುವುದು ಹೇಗಿರುತ್ತದೆ ಅನ್ನುವುದಕ್ಕೆ ನಮಗೆ ದೂರದ ಉದಾಹರಣೆ ಬೇಡ. 1988ರ ಕಾರ್ನಾಡರ 'ನಾಗಮಂಡಲ'ದಲ್ಲಿ ನಾಗ ಗಂಡನ ರೂಪ ತೊಟ್ಟು ರಾತ್ರಿ ರಾಣಿಯ ಬಳಿ ಬರುತ್ತಾನೆ. ಪಂಚರ ಮುಂದೆ ಅವಳು ಹುತ್ತಕ್ಕೆ ಕೈ ಹಾಕಿ ಆಣೆ ಮಾಡುತ್ತಾಳೆ: ಈ ಕೈ ಮುಟ್ಟಿದ್ದು ಗಂಡನನ್ನು, ಈ ನಾಗರಹಾವನ್ನು, ಇಬ್ಬರನ್ನೇ. ಅಕ್ಷರಕ್ಷರ ಸತ್ಯ. ಅವನು ಹಾವಾಗಿರುವುದರಿಂದಲೇ ಅವಳು ಗೆಲ್ಲುತ್ತಾಳೆ, ಅವನು ಹಾವಾಗಿರುವುದರಿಂದಲೇ ಅವರು ಒಟ್ಟಿಗೆ ಇರಲಾರರು. ನಾಗನ ಜಾಗದಲ್ಲಿ ಪಕ್ಕದೂರಿನ ಯುವಕನನ್ನು ಇಟ್ಟರೆ ಆ ಆಣೆಯ ದೃಶ್ಯವೇ ಉಳಿಯುವುದಿಲ್ಲ. ಕುದುರೆ ಪರೀಕ್ಷೆಯಲ್ಲಿ ಪಾಸಾಗುವುದು ಅಂದರೆ ಹೀಗೆ.

ಇಂಗ್ಲಿಷಿನ ಹದಿಹರೆಯದ ಸಾಹಿತ್ಯದಲ್ಲಿ ಇದನ್ನು ಚೊಕ್ಕವಾಗಿ ಮಾಡಿದ ಜೋಡಿ ಪುಸ್ತಕ ರೇಚಲ್ ಹಾರ್ಟ್‌ಮನ್ ಅವರದು: 2012ರ 'ಸೆರಾಫಿನಾ', 2015ರ 'ಶ್ಯಾಡೋ ಸ್ಕೇಲ್'. ಅಲ್ಲಿ ಡ್ರ್ಯಾಗನ್‌ಗಳು ಮನುಷ್ಯರ ರೂಪಕ್ಕೆ ಮಡಚಿಕೊಳ್ಳಬಲ್ಲವು. ಆದರೆ ಆ ರೂಪದ ಜೊತೆಗೆ ಮನುಷ್ಯರ ಭಾವನೆಗಳೂ ಬರುತ್ತವೆ. ಡ್ರ್ಯಾಗನ್‌ಗಳ ಲೆಕ್ಕದಲ್ಲಿ ಭಾವನೆ ಒಂದು ಸೋಂಕು, ಅಂಟಿಸಿಕೊಂಡವರ ನೆನಪನ್ನೇ ಕತ್ತರಿಸಿ ತೆಗೆಯುತ್ತಾರೆ. ಮನುಷ್ಯ ತಂದೆಗೆ, ಡ್ರ್ಯಾಗನ್ ತಾಯಿಗೆ ಹುಟ್ಟಿದ ನಾಯಕಿಯ ತೋಳಿನಲ್ಲಿ ಹುರುಪೆಗಳಿವೆ, ಅದನ್ನು ತೋಳಿನ ಬಟ್ಟೆಯ ಒಳಗೆ ಮುಚ್ಚಿಟ್ಟುಕೊಂಡೇ ಅವಳು ಅರಮನೆಯಲ್ಲಿ ಸಂಗೀತ ಹೇಳಿಕೊಡುತ್ತಾಳೆ. ಎರಡನೇ ಪುಸ್ತಕ ಮಾಡುವ ಕೆಲಸ ನೋಡಿ: ಹೊಸ ಪ್ರೇಮಿಯನ್ನು ತರುವುದಿಲ್ಲ. ತನ್ನ ಹಾಗೆಯೇ ಅರ್ಧ ಡ್ರ್ಯಾಗನ್ ಆಗಿರುವವರನ್ನು ದೇಶದೇಶ ಸುತ್ತಿ ಹುಡುಕುವಂತೆ ಮಾಡುತ್ತದೆ. ಒಬ್ಬಳ ಮೈಯಲ್ಲಿದ್ದ ಗುಟ್ಟು ಒಂದು ಕುಲದ್ದಾಗುತ್ತದೆ. ಮುಂದಿನ ಭಾಗ ಅಂದರೆ ಇದು. ನಿಷೇಧ ಅದೇ ಇರಬೇಕು, ಅದರ ಬೆಲೆ ಕಟ್ಟುವವರು ಹೆಚ್ಚಾಗಬೇಕು.

ಸರಿ, ಮೈ ಅಂದೆವಲ್ಲ. ಮೈಯ ಲೆಕ್ಕಕ್ಕೆ ಬರೋಣ. ಇಲ್ಲಿ ಹೆಚ್ಚಿನವರು ಮರೆಯುವ ಸಂಗತಿ ಒಂದಿದೆ: ಎರಡು ಪುಸ್ತಕಗಳ ನಡುವೆ ಡ್ರ್ಯಾಗನ್ ಬೆಳೆದಿರುತ್ತದೆ.

ಮೊದಲ ಪುಸ್ತಕದ ಕೊನೆಗೆ ಮರಿ ಡ್ರ್ಯಾಗನ್ 100 ಕೆಜಿ ಇತ್ತು, ರೆಕ್ಕೆಯ ಹರವು 5 ಚದರ ಮೀಟರ್ ಅಂತಿಟ್ಟುಕೊಳ್ಳಿ. ಒಂದು ಚದರ ಮೀಟರ್ ರೆಕ್ಕೆಯ ಮೇಲೆ 20 ಕೆಜಿ ಭಾರ. ದೊಡ್ಡ ಹಂಸಗಳದ್ದೂ ಹೆಚ್ಚುಕಡಿಮೆ ಇಷ್ಟೇ, ಆದ್ದರಿಂದ ನಂಬಬಹುದು. ಈಗ ಅದರ ಉದ್ದ ಎರಡು ಪಟ್ಟಾಯಿತು. ಆಕಾರ ಬದಲಾಗದಿದ್ದರೆ ರೆಕ್ಕೆಯ ಹರವು ನಾಲ್ಕು ಪಟ್ಟಾಗಿ 20 ಚದರ ಮೀಟರ್ ಆಗುತ್ತದೆ, ತೂಕ ಮಾತ್ರ ಎಂಟು ಪಟ್ಟಾಗಿ 800 ಕೆಜಿಗೆ ಏರುತ್ತದೆ. ರೆಕ್ಕೆಯ ಮೇಲಿನ ಭಾರ ಚದರ ಮೀಟರಿಗೆ 40 ಕೆಜಿ, ಅಂದರೆ ದುಪ್ಪಟ್ಟು. ನೆಲ ಬಿಡಲು ಬೇಕಾದ ವೇಗ ಭಾರದ ವರ್ಗಮೂಲದ ಲೆಕ್ಕದಲ್ಲಿ ಏರುವುದರಿಂದ ಅದು ಸುಮಾರು 1.4 ಪಟ್ಟಾಗುತ್ತದೆ. ಮೊದಲ ಪುಸ್ತಕದಲ್ಲಿ ಮನೆಯ ಅಂಗಳದಿಂದ ಪುರ್ ಅಂತ ಎದ್ದು ಹೋದ ಅದೇ ಡ್ರ್ಯಾಗನ್ ಎರಡನೆಯದರಲ್ಲಿ ಆ ಅಂಗಳದಿಂದ ಏಳಲಾರದು. ಅದಕ್ಕೆ ಬಂಡೆಯ ಅಂಚು ಬೇಕು, ಇಲ್ಲವೇ ಎದುರುಗಾಳಿ. ಕದ್ದು ಭೇಟಿಯಾಗುವ ಪ್ರೇಮಿಗಳಿಗೆ ಇದಕ್ಕಿಂತ ದೊಡ್ಡ ಕಷ್ಟವನ್ನು ಯಾವ ಖಳನಾಯಕ ಕೊಟ್ಟಾನು? ಮೊದಲು ಎಲ್ಲಿಂದ ಬೇಕಾದರೂ ಹೊರಡುತ್ತಿದ್ದವರು ಈಗ ಊರಿಗೆಲ್ಲ ಕಾಣುವ ಒಂದೇ ಬಂಡೆಗೆ ಹೋಗಬೇಕು.

ಹಾರುವ ಪ್ರಾಣಿ ಎಷ್ಟು ದೊಡ್ಡದಿರಬಹುದು ಅನ್ನುವುದಕ್ಕೆ ಪಳೆಯುಳಿಕೆ ಇದೆ. ಟೆಕ್ಸಾಸ್‌ನಲ್ಲಿ 1971ರಲ್ಲಿ ಸಿಕ್ಕ ಕ್ವೆಟ್ಜಲ್‌ಕೋಟ್ಲಸ್‌ನ ರೆಕ್ಕೆಯ ಅಗಲ 10ರಿಂದ 11 ಮೀಟರ್, ತೂಕದ ಅಂದಾಜು ಸಾಮಾನ್ಯವಾಗಿ 200ರಿಂದ 250 ಕೆಜಿ. ಅದು ಹಕ್ಕಿಯ ಹಾಗೆ ಹಿಂಗಾಲಿನಲ್ಲಿ ಜಿಗಿಯುತ್ತಿರಲಿಲ್ಲ, ಮಡಚಿದ ರೆಕ್ಕೆಗಳನ್ನೇ ಮುಂಗಾಲಿನಂತೆ ಊರಿ ಚಿಮ್ಮುತ್ತಿತ್ತು ಅನ್ನುವ ವಾದಕ್ಕೆ ಇವತ್ತು ಒಳ್ಳೆಯ ಬೆಂಬಲವಿದೆ. ಸವಾರಿ ದೃಶ್ಯ ಬರೆಯುವವರು ಇದನ್ನು ಗಮನಿಸಬೇಕು. ಹೀಗೆ ಚಿಮ್ಮುವಾಗ ದೊಡ್ಡ ಏಟು ಬೀಳುವುದು ಹೆಗಲ ಹತ್ತಿರ. ಸವಾರರನ್ನು ಹೆಗಲ ಮೇಲೆ ಕೂರಿಸಿದರೆ ಹಲ್ಲು ಉದುರುತ್ತದೆ. ಸೊಂಟದ ಕಡೆಗೆ, ಹೆಗಲಿಂದ ಒಂದೂವರೆ ಮಾರು ಹಿಂದೆ ಕೂರಿಸಿ.

ಅಂದರೆ 800 ಕೆಜಿಯ ಡ್ರ್ಯಾಗನ್ ಪ್ರಕೃತಿಯ ಮಿತಿಯನ್ನು ಮೂರು ಪಟ್ಟು ಮೀರಿದೆ. ಮೀರಲಿ, ಇದು ಫ್ಯಾಂಟಸಿ. ಓದುಗರು ಒಂದು ದೊಡ್ಡ ಸುಳ್ಳನ್ನು ಖುಷಿಯಿಂದ ಒಪ್ಪುತ್ತಾರೆ. ಮೊದಲ ಪುಸ್ತಕದಲ್ಲಿ ಹೇಳಿದ ಸುಳ್ಳಿಗೆ ಎರಡನೆಯದರಲ್ಲಿ ಇನ್ನೊಂದು ಸುಳ್ಳು ಸೇರಿಸಿದರೆ ಮಾತ್ರ ಹಿಡಿದು ಕೇಳುತ್ತಾರೆ.

ತೂಕದ ಇನ್ನೊಂದು ಪರಿಣಾಮ ಪ್ರೇಮಕ್ಕೆ ನೇರವಾಗಿ ತಾಗುತ್ತದೆ. 100 ಕೆಜಿ ಪ್ರಾಣಿಗೆ 50 ಕೆಜಿಯ ಹುಡುಗಿ ಮೈತೂಕದ ಅರ್ಧ, ಅದು ಅವಳನ್ನು ಹೊರುವುದೇ ಅನುಮಾನ. 800 ಕೆಜಿಗೆ ಅವಳು ಆರು ಚಿಲ್ಲರೆ ಶೇಕಡ. ಇನ್ನೊಬ್ಬರಿಗೆ ಜಾಗ ಸಿಕ್ಕಿತು! ಮೊದಲ ಪುಸ್ತಕದಲ್ಲಿ ಸಾಧ್ಯವೇ ಇಲ್ಲದಿದ್ದ ಜೋಡಿ ಸವಾರಿ ಎರಡನೆಯದರಲ್ಲಿ ಆಗುತ್ತದೆ. ಆದರೆ ಹಾಗೆ ಹತ್ತಿದ ಕ್ಷಣದಿಂದ ಡ್ರ್ಯಾಗನ್ನಿಗೆ ಎಲ್ಲ ಗೊತ್ತು.

ಊಟದ ಲೆಕ್ಕವನ್ನೂ ಬಿಡಬೇಡಿ. ಮ್ಯಾಕ್ಸ್ ಕ್ಲೈಬರ್ 1932ರಲ್ಲಿ ತೋರಿಸಿದ ಸೂತ್ರ ಇಲ್ಲಿ ಕೆಲಸಕ್ಕೆ ಬರುತ್ತದೆ: ಬಿಸಿರಕ್ತದ ಪ್ರಾಣಿಗೆ ಬೇಕಾದ ಶಕ್ತಿ ತೂಕದ ಮುಕ್ಕಾಲು ಘಾತಕ್ಕೆ ಏರುತ್ತದೆ. ತೂಕ ಎಂಟು ಪಟ್ಟಾದರೆ ಊಟ ಸುಮಾರು ಐದು ಪಟ್ಟು. ಓಡಾಟ, ಹಾರಾಟಕ್ಕೆಂದು ವಿಶ್ರಾಂತಿಯ ಎರಡೂವರೆ ಪಟ್ಟು ಹಿಡಿದರೆ 100 ಕೆಜಿ ಮರಿಗೆ ದಿನಕ್ಕೆ ಸುಮಾರು 3 ಕೆಜಿ ಮಾಂಸ, 800 ಕೆಜಿಯದಕ್ಕೆ 13–14 ಕೆಜಿ. 25ರಿಂದ 30 ಕೆಜಿ ತೂಗುವ ಕುರಿಯಲ್ಲಿ ತಿನ್ನುವ ಭಾಗ ಅರ್ಧ ಅಂತಾದರೆ ದಿನಕ್ಕೊಂದು ಕುರಿ, ತಿಂಗಳಿಗೆ ಮೂವತ್ತು. ಕಾಡಿಗೆ ಓಡಿಹೋದ ಪ್ರೇಮಿಗಳು ಹೆಜ್ಜೆಗುರುತಿನಿಂದ ಸಿಕ್ಕಿಬೀಳುವುದಿಲ್ಲ, ಕುರುಬರ ಲೆಕ್ಕದಿಂದ ಸಿಕ್ಕಿಬೀಳುತ್ತಾರೆ. ಇಷ್ಟು ಬೇಡ ಅನ್ನಿಸಿದರೆ ತಣ್ಣನೆ ರಕ್ತದ ಡ್ರ್ಯಾಗನ್ ಮಾಡಿ. ಕೊಮೊಡೊ ಡ್ರ್ಯಾಗನ್ ಒಂದೇ ಊಟಕ್ಕೆ ಮೈತೂಕದ ಶೇಕಡ 80ರವರೆಗೆ ತಿಂದು ವರ್ಷಕ್ಕೆ ಹನ್ನೆರಡು ಊಟದಲ್ಲೇ ಬದುಕಬಲ್ಲದು. ಆದರೆ ಆಗ ಚಳಿಗಾಲದ ಮುಂಜಾನೆಯ ಯುದ್ಧ ಬರೆಯುವಂತಿಲ್ಲ. ಬಿಸಿಲು ಏರಿ ಮೈ ಕಾಯುವ ತನಕ ನಿಮ್ಮ ಡ್ರ್ಯಾಗನ್ ಬಂಡೆಯ ಮೇಲೆ ಓತಿಯಂತೆ ಬಿದ್ದಿರುತ್ತದೆ.

ಓತಿ ಅಂದಾಗ ನೆನಪಾಯಿತು. ನಾಲ್ಕು ಕಾಲೂ ಇದ್ದು ಮೇಲೆ ರೆಕ್ಕೆಯೂ ಇರುವ ಡ್ರ್ಯಾಗನ್ನಿಗೆ ಆರು ಅವಯವ ಆಯಿತಲ್ಲ, ಬೆನ್ನೆಲುಬಿನ ಪ್ರಾಣಿಗಳಿಗೆ ನಾಲ್ಕೇ ಅಲ್ಲವೇ ಅಂತ ತಕರಾರು ತೆಗೆಯುವವರು ಇದ್ದೇ ಇರುತ್ತಾರೆ. ಉತ್ತರ ನಮ್ಮ ಪಶ್ಚಿಮ ಘಟ್ಟದ ಅಡಿಕೆ ಮರದ ಮೇಲೇ ಕೂತಿದೆ. ತೇಜಸ್ವಿಯವರ 'ಕರ್ವಾಲೊ' ಓದಿದವರಿಗೆಲ್ಲ ಪರಿಚಯದ ಹಾರುವ ಓತಿಯ ಕುಲದ ಹೆಸರೇ ಡ್ರಾಕೊ, ಅಂದರೆ ಲ್ಯಾಟಿನ್ನಿನ ಡ್ರ್ಯಾಗನ್. ಅದರ ರೆಕ್ಕೆ ಕೈಯಿಂದ ಬಂದದ್ದಲ್ಲ. ಪಕ್ಕೆಲುಬುಗಳೇ ಉದ್ದವಾಗಿ ಹೊರಚಾಚಿ, ಅವುಗಳ ಮೇಲೆ ಚರ್ಮ ಕೊಡೆಯಂತೆ ಬಿಚ್ಚಿಕೊಳ್ಳುತ್ತದೆ, ನಾಲ್ಕು ಕಾಲೂ ಖಾಲಿ. ಇದರಲ್ಲಿ ತೊಡಕೂ ಇದೆ. ಪಕ್ಕೆಲುಬಿನ ರೆಕ್ಕೆ ಬಡಿಯುವುದಿಲ್ಲ, ಬರೀ ತೇಲಿಸುತ್ತದೆ. ಹೀಗಾಗಿ ಅಂಥ ಡ್ರ್ಯಾಗನ್ ಎತ್ತರದಿಂದ ತಗ್ಗಿಗೆ ಮಾತ್ರ ಹೋಗಬಲ್ಲದು, ವಾಪಸು ಬರುವುದು ನಡೆದುಕೊಂಡೇ. ಕಣಿವೆಯ ಮೇಲಿನವರು ಕೆಳಗಿನವರನ್ನು ಪ್ರೀತಿಸಿದರೆ ಹೋಗುವುದು ಐದು ನಿಮಿಷ, ಮರಳುವುದು ಎರಡು ದಿನ. ಯಾರಾದರೂ ಕನ್ನಡದಲ್ಲಿ ಈ ಒಂದು ಅಂಶದ ಮೇಲೆಯೇ ಪುಸ್ತಕ ಬರೆಯಬಾರದೇ?

ಬೆಂಕಿಯ ವಿಷಯವನ್ನು ಬೇಗ ಮುಗಿಸುತ್ತೇನೆ. ಎಷ್ಟು ಬೇಕಾದರೂ ಉಗುಳುವ ಬೆಂಕಿ ಎರಡನೇ ಪುಸ್ತಕದ ಶತ್ರು, ಪ್ರತಿ ಗಂಟನ್ನೂ ಅದೇ ಸುಟ್ಟುಬಿಡುತ್ತದೆ. ಅದಕ್ಕೊಂದು ಟ್ಯಾಂಕ್ ಇಡಿ. ಒಂದು ಹಸು ದಿನಕ್ಕೆ ಕಾಲು ಕೆಜಿಯ ಆಸುಪಾಸು ಮೀಥೇನ್ ತೇಗುತ್ತದೆ. ಹತ್ತು ಹಸುವಿನ ಹೊಟ್ಟೆ ಇರುವ ಡ್ರ್ಯಾಗನ್ನಿಗೆ ನಮ್ಮ ಅಡುಗೆಮನೆಯ 14.2 ಕೆಜಿ ಸಿಲಿಂಡರಿನಷ್ಟು ಅನಿಲ ಸೇರಿಸಲು ಐದಾರು ದಿನ. ಒಮ್ಮೆ ಪೂರ್ತಿ ಉಗುಳಿದರೆ ಒಂದು ವಾರ ಬರೀ ಹೊಗೆ. ಆದರೆ ಹಾಗೆ ಮೀಥೇನ್ ಬರಬೇಕಾದರೆ ಡ್ರ್ಯಾಗನ್ ಹುಲ್ಲು ತಿಂದು ಮೆಲುಕು ಹಾಕಬೇಕಾಗುತ್ತದೆ, ಭಯಂಕರ ಛಾಯೆ ಸ್ವಲ್ಪ ಮಾಸುತ್ತದೆ. ಮಾಂಸಾಹಾರಿಯೇ ಬೇಕು ಅನ್ನುವವರು ಬಾಂಬರ್ಡಿಯರ್ ಜೀರುಂಡೆಯ ದಾರಿ ಹಿಡಿಯಬಹುದು: ಹೈಡ್ರೊಕ್ವಿನೋನ್, ಹೈಡ್ರೊಜನ್ ಪೆರಾಕ್ಸೈಡ್ ಎರಡನ್ನೂ ಕೂಡಿಟ್ಟುಕೊಂಡು, ಬೇಕಾದಾಗ ಕಿಣ್ವ ಬೆರೆಸಿ ಸುಮಾರು 100 ಡಿಗ್ರಿಯಲ್ಲಿ ಚಿಮ್ಮಿಸುವುದು. ಅದು ಬೆಂಕಿಯಲ್ಲ, ಕುದಿಯುವ ರಾಸಾಯನಿಕ. ಗಾಯ ಬೇರೆ, ವಾಸನೆ ಬೇರೆ, ಕಲೆಯೂ ಬೇರೆ.

ಈಗ ಮುಖ್ಯ ಕೆಲಸ. ಮೈಯಲ್ಲಿರುವ ನಿಷೇಧವನ್ನು ಕಟ್ಟುವುದು ಹೇಗೆ ಅನ್ನುವುದನ್ನು ಒಂದು ಮಾದರಿ ಇಟ್ಟುಕೊಂಡು ಹತ್ತಿರದಿಂದ ನೋಡೋಣ.

ಎರಡು ಗುಡ್ಡ, ಎರಡು ಡ್ರ್ಯಾಗನ್ ಬಳಿ, ಅಂದರೆ ಕುಲ. ಹೊನ್ನಿ ಈ ಗುಡ್ಡದವಳು, ಅವಳ ಡ್ರ್ಯಾಗನ್ ಹೆಸರು ಕರಿಯವ್ವ. ಕೇತ ಆ ಗುಡ್ಡದವನು. ಹಿರಿಯರ ನಿಯಮ: ಬೇರೆ ಬಳಿಯ ಸವಾರರನ್ನು ಮುಟ್ಟಬಾರದು. ಮೊದಲ ಪುಸ್ತಕದಲ್ಲಿ ಇದು ಹಗೆತನದ ನಿಯಮದಂತೆ ಕಾಣಲಿ, ಓದುಗರೂ ಹಾಗೆಯೇ ನಂಬಲಿ. ಹೊನ್ನಿ, ಕೇತ ಮುಟ್ಟಿಕೊಂಡರು, ಏನೂ ಆಗಲಿಲ್ಲ, ಹಿರಿಯರದ್ದು ಬರೀ ಕಂದಾಚಾರ ಅನ್ನಿಸಿತು. ಪುಸ್ತಕ ಮುಗಿಯಿತು.

ಎರಡನೆಯದರಲ್ಲಿ ಕರಿಯವ್ವ ಮೊಟ್ಟೆ ಇಡುತ್ತಾಳೆ. ಹಾವು, ಉಡಗಳ ಸೀಳು ನಾಲಗೆ ಗಾಳಿಯಲ್ಲಿನ ವಾಸನೆ ಹಿಡಿದು ಅಂಗುಳಿನಲ್ಲಿರುವ ಜೇಕಬ್‌ಸನ್ ಅಂಗಕ್ಕೆ ಮುಟ್ಟಿಸುತ್ತದೆ. ಎರಡು ತುದಿಗೆ ಸಿಕ್ಕ ವಾಸನೆಯ ಹೆಚ್ಚುಕಡಿಮೆಯಿಂದ ಅದು ಯಾವ ದಿಕ್ಕಿನದು ಅನ್ನುವುದೂ ತಿಳಿಯುತ್ತದೆ. ಇದನ್ನು ಕರಿಯವ್ವನಿಗೆ ಕೊಡಿ. ಪರಬಳಿಯ ವಾಸನೆ ಅಂದರೆ ಅವಳಿಗೆ ಮೊಟ್ಟೆ ಕಳ್ಳರ ವಾಸನೆ. ಅದು ಮೂಗಿಗೆ ಬಿದ್ದರೆ ಗೂಡು ಬಿಟ್ಟು ಗುಹೆಯ ಬಾಯಿಗೆ ಹೋಗಿ ಕಾವಲು ಕೂರುತ್ತಾಳೆ.

ಕಾವು ಕೊಡುವುದಕ್ಕೆ ಹೆಬ್ಬಾವಿನ ಮಾದರಿ ಇದೆ. ಮೊಟ್ಟೆಗಳ ಸುತ್ತ ಸುರುಳಿ ಸುತ್ತಿ ಸ್ನಾಯು ನಡುಗಿಸಿ ಬಿಸಿ ಹುಟ್ಟಿಸುತ್ತದೆ. ಇನ್ನು ಮೊಸಳೆಯಿಂದ ಒಂದು ಗುಣ ತನ್ನಿ. ರಂಗನತಿಟ್ಟಿನ ಬಂಡೆಗಳ ಮೇಲೆ ಬಾಯಿ ಕಳೆದು ಮಲಗುವ ಮಗ್ಗರ್ ಮೊಸಳೆಯಲ್ಲಿ ಮರಿ ಹೆಣ್ಣೋ ಗಂಡೋ ಅನ್ನುವುದನ್ನು ಗೂಡಿನ ಬಿಸಿ ತೀರ್ಮಾನಿಸುತ್ತದೆ. ಸುಮಾರು 32.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಡು, 31ಕ್ಕೂ ಕೆಳಗೆ ಹೆಣ್ಣು. ಇದು ನಿರ್ಧಾರವಾಗುವುದು ಕಾವಿನ ಅವಧಿಯ ನಡುವಿನ ಮೂರನೇ ಒಂದು ಭಾಗದಲ್ಲಿ.

ಲೆಕ್ಕ ಹಾಕಿ. ಕಾವಿನ ಅವಧಿ 60 ದಿನ. ಅಪಾಯದ ಕಾಲ 20ನೇ ದಿನದಿಂದ 40ರವರೆಗೆ. ಒಂದೆರಡು ಗಂಟೆ ಗೂಡು ತಣಿದರೆ ಸಾಲದು, ಹಲವು ದಿನ ಬೇಕು. ಆದ್ದರಿಂದ ಕೇತನ ಮೈವಾಸನೆ ಹೊನ್ನಿಯ ಮೇಲೆ, ಅವಳ ಸವಾರಿಯ ಜೀನಿನ ಮೇಲೆ ಮೂರು ದಿನ ಉಳಿಯುತ್ತದೆ ಅನ್ನಿ. ಆ ಇಪ್ಪತ್ತು ದಿನದಲ್ಲಿ ಅವರು ನಾಲ್ಕು ಸಲ ಭೇಟಿಯಾದರೆ ಹನ್ನೆರಡು ದಿನ ಕರಿಯವ್ವ ಗೂಡಿನಲ್ಲಿಲ್ಲ. ಮೊಟ್ಟೆ ಸಾಯುವುದಿಲ್ಲ. ಎಲ್ಲ ಮರಿಗಳೂ ಆರೋಗ್ಯವಾಗಿ ಹುಟ್ಟುತ್ತವೆ, ಎಲ್ಲವೂ ಹೆಣ್ಣು. ಒಂದು ತಲೆಮಾರಿನ ನಂತರ ಆ ಗುಡ್ಡಕ್ಕೆ ಗಂಡು ಡ್ರ್ಯಾಗನ್ ಬೇಕೆಂದರೆ ಕೇತನ ಗುಡ್ಡದವರ ಮುಂದೆಯೇ ಕೈ ಚಾಚಬೇಕು.

ನೋಡಿ, ಇಲ್ಲಿ ಯಾರೂ ಕೆಟ್ಟವರಿಲ್ಲ. ಹಿರಿಯರ ನಿಯಮಕ್ಕೆ ಕಾರಣವಿತ್ತು, ಆ ಕಾರಣ ಅವರಿಗೇ ಮರೆತುಹೋಗಿತ್ತು. ಪ್ರೇಮಿಗಳು ಪಟ್ಟ ಸುಖದ ಬಡ್ಡಿಯನ್ನು ಮೂರನೆಯವಳು ಕಟ್ಟಿದಳು. ಕುದುರೆ ಪರೀಕ್ಷೆ ಮಾಡಿ ನೋಡಿ, ಕುದುರೆ ಇಟ್ಟರೆ ಈ ಕಥೆ ಕೂಡಲೇ ಕುಸಿಯುತ್ತದೆ.

ಇದನ್ನು ಬರೆಯುವಾಗ ಗೋಡೆಯ ಮೇಲೊಂದು ದಿನಚರಿ ಅಂಟಿಸಿಕೊಳ್ಳಲೇಬೇಕು. ಮೂರು ಸಾಲು ಸಾಕು: ಕಾವಿನ ದಿನ, ಭೇಟಿಯ ದಿನ, ಚಂದ್ರನ ಸ್ಥಿತಿ. ಚಂದ್ರ ಯಾಕೆ ಅಂದರೆ ಬೆಳುದಿಂಗಳ ಭೇಟಿಯಾಗಿ ಹತ್ತನೇ ದಿನಕ್ಕೆ ಮತ್ತೆ ಹುಣ್ಣಿಮೆ ಬರುವ ಪುಸ್ತಕಗಳು ಲೆಕ್ಕವಿಲ್ಲದಷ್ಟಿವೆ. ಹುಣ್ಣಿಮೆಯಿಂದ ಹುಣ್ಣಿಮೆಗೆ 29 ದಿನ ಚಿಲ್ಲರೆ, ಅದನ್ನು ಯಾವ ಮಾಂತ್ರಿಕನೂ ಬದಲಿಸಿಲ್ಲ.

ಮೈಯ ನಂಟಿನಲ್ಲಿ ಒಂದು ಹಳೇ ಗುಂಡಿ ಇದೆ. ಡ್ರ್ಯಾಗನ್ನಿಗೂ ಸವಾರರಿಗೂ ಮನಸ್ಸು ಬೆಸೆದಿರುವ ಕಥೆಗಳಲ್ಲಿ ಡ್ರ್ಯಾಗನ್‌ಗಳ ಬೆದೆ ಸವಾರರನ್ನೂ ಸೆಳೆದುಕೊಳ್ಳುತ್ತದೆ. ಆನ್ ಮೆಕ್ಯಾಫ್ರಿ ಅವರ 1968ರ 'ಡ್ರ್ಯಾಗನ್‌ಫ್ಲೈಟ್'ನಿಂದ ಈ ಸಂಪ್ರದಾಯ ಗಟ್ಟಿಯಾಯಿತು, 1971ರ ಮುಂದಿನ ಭಾಗದಲ್ಲೂ ಮುಂದುವರಿಯಿತು. ಇವತ್ತಿನ ಹದಿಹರೆಯದ ಓದುಗರು ಅಲ್ಲಿ ಮೊದಲು ಕೇಳುವುದು, 'ಅವಳು ಒಪ್ಪಿದಳಾ, ಡ್ರ್ಯಾಗನ್ ಒಪ್ಪಿತಾ?' ಸರಿಯಾದ ಪ್ರಶ್ನೆ. ಬೆಸುಗೆ ಇಟ್ಟುಕೊಳ್ಳುವುದಾದರೆ ಅದನ್ನು ಮುಚ್ಚುವ ಬಾಗಿಲನ್ನೂ ಮೊದಲ ಪುಸ್ತಕದಲ್ಲೇ ಇಟ್ಟಿರಿ. ಎರಡನೆಯದರಲ್ಲಿ ನಾಯಕಿ ಅದನ್ನು ಒಮ್ಮೆ ಬೇಕೆಂದೇ ಮುಚ್ಚಿ, ಆಮೇಲೆ ಹುಡುಗನ ಕೈ ಹಿಡಿಯಲಿ. ಎರಡೇ ಸಾಲಿನ ಕೆಲಸ, ಆದರೆ ಅದಿಲ್ಲದೆ ಮುಂದಿನ ಒಂದು ಪ್ರೇಮದೃಶ್ಯವೂ ನಿಲ್ಲುವುದಿಲ್ಲ.

ವಯಸ್ಸಿನ ಮಾತೂ ಅಷ್ಟೇ. ಹದಿನೇಳರ ಹುಡುಗಿ, ನೋಡಲು ಹದಿನೆಂಟು ಆದರೆ ನಿಜವಾಗಿ ಮುನ್ನೂರು ವರ್ಷದ ಡ್ರ್ಯಾಗನ್ ಪುರುಷ: ಇದು ನನಗೆ ಎಂದೂ ರುಚಿಸಿಲ್ಲ. ಕ್ರಿಸ್ಟೊಫರ್ ಪಾವೊಲೀನಿ ತಮ್ಮ ಡ್ರ್ಯಾಗನ್ ಸರಣಿಯ ಎರಡನೇ ಪುಸ್ತಕ 'ಎಲ್ಡೆಸ್ಟ್'ನಲ್ಲಿ ತಿರುಗಿಸಿದ ರೀತಿ ವಾಸಿ. ಅಲ್ಲಿ ಹದಿಹರೆಯದ ಸವಾರ ಎಲ್ಫ್ ಅನ್ನುವ ಮುಪ್ಪಿಲ್ಲದ ಕುಲದ, ನೂರು ದಾಟಿದ ಹೆಣ್ಣನ್ನು ಪ್ರೀತಿಸುತ್ತಾನೆ, ಅವಳು ಖಡಾಖಂಡಿತ ಬೇಡ ಅನ್ನುತ್ತಾಳೆ. ಮುಂದಿನ ಭಾಗದ ಪ್ರೇಮಕಥೆ ನಿರಾಕರಣೆಯೂ ಆಗಿರಬಹುದು ಅನ್ನುವುದನ್ನು ನಾವು ಮರೆತೇಬಿಡುತ್ತೇವೆ. ಇನ್ನು 2023ರ ಮೇನಲ್ಲಿ ಬಂದ 'ಫೋರ್ತ್ ವಿಂಗ್', ಅದೇ ನವೆಂಬರಿನಲ್ಲಿ ಬಂದ ಅದರ ಮುಂದಿನ ಭಾಗ 'ಐರನ್ ಫ್ಲೇಮ್' ಇವನ್ನು ಹದಿಹರೆಯದ ಕಪಾಟಿನಲ್ಲಿ ಇಡುವ ಅಂಗಡಿಗಳಿವೆ. ಅವು ದೊಡ್ಡವರಿಗೆಂದೇ ಬರೆದವು, ನಾಯಕಿಗೆ ಇಪ್ಪತ್ತು, ಮಂಚದ ದೃಶ್ಯಗಳು ಮುಚ್ಚುಮರೆ ಇಲ್ಲದೆ ಇವೆ. ಅವನ್ನು ಓದಿ ಬಿಸಿಯಾದ ಕೈಯಲ್ಲೇ ಹದಿನಾರರ ನಾಯಕಿಯ ಕಥೆ ಬರೆಯಲು ಕೂರಬೇಡಿ. ಬೆಳೆದವರಿಗೆ ಬರೆಯುತ್ತೀರಾದರೆ ನಾಯಕಿಯ ವಯಸ್ಸನ್ನೂ ಬೆಳೆಸಿ.

ಕನ್ನಡದಲ್ಲಿ ಬರೆಯುವವರಿಗೆ ಒಂದು ಸೌಭಾಗ್ಯವಿದೆ. ನಮ್ಮಲ್ಲಿ ಪ್ರಾಣಿಯೋ ವ್ಯಕ್ತಿಯೋ ಅನ್ನುವುದು ಸರ್ವನಾಮದಲ್ಲಿ ಮಾತ್ರವಲ್ಲ, ಕ್ರಿಯಾಪದದ ಬಾಲದಲ್ಲೂ ಕೂತಿರುತ್ತದೆ. ಹಾರಿತು, ಹಾರಿದ, ಹಾರಿದಳು. ರೂಪ ಬದಲಿಸುವ ಡ್ರ್ಯಾಗನ್ನನ್ನು ಇಂಗ್ಲಿಷಿನಲ್ಲಿ ತೋರಿಸಲು ಒಂದು ಪ್ಯಾರಾ ಬೇಕು: ಹುರುಪೆ ಕರಗಿತು, ಬೆರಳು ಮೂಡಿತು, ಇತ್ಯಾದಿ. ಕನ್ನಡದಲ್ಲಿ ನಾಲ್ಕೈದು ಪದ ಸಾಕು: 'ಕಣಿವೆಯ ಮೇಲೆ ಹಾರಿತು, ಅಂಗಳಕ್ಕೆ ಇಳಿದ.' ಓದುಗರ ಎದೆ ಅಲ್ಪವಿರಾಮದ ಹತ್ತಿರ ಧಸಕ್ ಅನ್ನುತ್ತದೆ. ರೂಪ ಬದಲಿಸದ ಡ್ರ್ಯಾಗನ್ನಿಗೂ ಇದೇ ಉಪಾಯ ಬೇರೆ ರೀತಿಯಲ್ಲಿ ಒದಗುತ್ತದೆ. ಹೊನ್ನಿಗೆ ಕರಿಯವ್ವ ಮೊದಲಿಂದಲೂ 'ಬಂದಳು'. ಕೇತನಿಗೆ ಮೊದಲ ಪುಸ್ತಕದುದ್ದಕ್ಕೂ 'ಬಂತು'. ಎರಡನೆಯದರ ಯಾವ ಪುಟದಲ್ಲಿ ಅವನ ಬಾಯಲ್ಲಿ 'ಬಂದಳು' ಬರುತ್ತದೋ ಅಲ್ಲಿ ಅವನು ಹೊನ್ನಿಯ ಮನೆಯವನಾದ. ಆ ಪುಟದಲ್ಲಿ ಬೇರೆ ಯಾವ ವಿವರಣೆಯನ್ನೂ ಹಾಕಬೇಡಿ, ಹಾಕಿದರೆ ಕೆಡುತ್ತದೆ. ನೀವು, ನೀನು ಅನ್ನುವುದಕ್ಕೂ ಇದೇ ಎಚ್ಚರ. ಮೊದಲ ಮುತ್ತಿಗಿಂತ ಮೊದಲ 'ನೀನು' ಜೋರಾಗಿ ತಾಗುತ್ತದೆ. ಮೊದಲ ಪುಸ್ತಕದಲ್ಲೇ ಅದನ್ನು ಖರ್ಚು ಮಾಡಿಬಿಟ್ಟಿದ್ದರೆ ಎರಡನೆಯದರಲ್ಲಿ ಸಿಟ್ಟಿನಿಂದ ಮತ್ತೆ 'ನೀವು'ಗೆ ಏರಿಸಿ.

ಹೆಸರಿನ ಬಗ್ಗೆ: ಘಟಸರ್ಪ ಅನ್ನುವ ಪದಕ್ಕೆ ಮರುಳಾಗಬೇಡಿ. ಘಟಸರ್ಪ ಅಂದಾಕ್ಷಣ ನಮ್ಮ ಜನಕ್ಕೆ ಹೆಡೆ ಎತ್ತಿದ ದೊಡ್ಡ ಹಾವು ಕಣ್ಣಿಗೆ ಬರುತ್ತದೆ, ಅದಕ್ಕೆ ಕಾಲಿಲ್ಲ, ರೆಕ್ಕೆಯೂ ಇಲ್ಲ. ಡ್ರ್ಯಾಗನ್ ಅಂತಲೇ ಇರಲಿ, ಒಂದೊಂದರ ಹೆಸರು ಮಾತ್ರ ಊರಿನದಾಗಿರಲಿ.

ಪುಟಗಳ ಹಂಚಿಕೆ. ಇಂಗ್ಲಿಷಿನಲ್ಲಿ ಇಂಥ ಪುಸ್ತಕ 90 ಸಾವಿರ ಪದದ ಆಸುಪಾಸು ಬಂದರೆ, ವಿಭಕ್ತಿ ಪ್ರತ್ಯಯಗಳೆಲ್ಲ ಅಂಟಿಕೊಳ್ಳುವ ಕನ್ನಡದಲ್ಲಿ ಅದೇ ಕಥೆ 65ರಿಂದ 70 ಸಾವಿರಕ್ಕೆ ಮುಗಿಯುತ್ತದೆ. ಹಿಂದಿನ ಕಥೆಯ ನೆನಪು ಮಾಡಿಕೊಡುವುದು ಮೊದಲ ಹತ್ತು ಪುಟದಲ್ಲಿ ಒಟ್ಟು 300 ಪದ ಮೀರದಿರಲಿ, ಅದೂ ಒಂದೇ ಕಡೆ ಗುಡ್ಡೆ ಹಾಕದೆ, ಒಂದೊಂದು ವಾಕ್ಯವಾಗಿ. ಮೊದಲ ಪುಸ್ತಕ ಬಿಟ್ಟುಹೋದ ಸಾಲಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ, ಹತ್ತು ಹದಿನೈದು ಸಿಗುತ್ತವೆ. ಮೂರನೇ ಒಂದು ಭಾಗ ಮೊದಲ ಕಾಲು ಪುಸ್ತಕದಲ್ಲೇ ತೀರಿಸಿ. ಓದುಗರು ಕಾದಿದ್ದಾರೆ, ಮತ್ತೆ ಕಾಯಿಸುವುದು ಒಳ್ಳೆಯದಲ್ಲ. ಪ್ರೇಮಿಗಳನ್ನು ಬೇರೆ ಮಾಡಲೇಬೇಕಾದರೆ ಒಟ್ಟು ಪುಟಗಳ ಐದನೇ ಒಂದು ಭಾಗದೊಳಗೆ ಮುಗಿಸಿ, ನಡುವೆ ಒಂದು ದಾರಿ ತೆರೆದಿಡಿ: ಪತ್ರ, ಕನಸು, ಡ್ರ್ಯಾಗನ್ನಿನ ಮೂಗು, ಏನಾದರೂ. ಇಬ್ಬರೂ ಇಲ್ಲದ ಪ್ರೇಮಕಥೆಯನ್ನು ಇನ್ನೂರು ಪುಟ ಓದುವ ಸಹನೆ ಯಾರಿಗೂ ಇಲ್ಲ. ಮೂರು ಭಾಗ ಅಂತ ಮಾತು ಕೊಟ್ಟು ನಾಲ್ಕಾಗುವುದೂ ಉಂಟು. ಪಾವೊಲೀನಿಯವರದು 2003, 2005, 2008, 2011 ಅಂತ ಹೋಯಿತು. ಆದ್ದರಿಂದ ಎರಡನೆಯದರಲ್ಲಿ ಬಾಗಿಲು ಮುಚ್ಚುವಾಗ ಚಿಲಕ ಹಾಕುವ ಅವಸರ ಬೇಡ.

ಕೊನೆಯ ಅಧ್ಯಾಯಕ್ಕೆ ಬರೋಣ. ನಮ್ಮ ಮಾದರಿಯಲ್ಲಿ ಅದು 60ನೇ ದಿನ. ಏಳು ಮೊಟ್ಟೆ ಒಡೆಯುತ್ತವೆ. ಗೂಡು ಕಾಯುವ ಮುದುಕಿ ಮರಿಗಳನ್ನು ಒಂದೊಂದಾಗಿ ಎತ್ತಿ, ಬಾಲದ ಬುಡ ಒತ್ತಿ ನೋಡಿ, ಒಣಹುಲ್ಲಿನ ಮೇಲೆ ಇಳಿಸುತ್ತಾಳೆ. ಮೊದಲನೆಯದಕ್ಕೆ 'ಹೆಣ್ಣು' ಅಂದು ನಗುತ್ತಾಳೆ. ಎರಡನೆಯದಕ್ಕೂ ಹೇಳುತ್ತಾಳೆ. ಮೂರನೆಯದನ್ನು ಎರಡು ಸಲ ನೋಡುತ್ತಾಳೆ. ನಾಲ್ಕನೆಯದಕ್ಕೆ ಏನೂ ಹೇಳುವುದಿಲ್ಲ, ತಲೆ ಎತ್ತಿ ಹೊನ್ನಿಯ ಕಡೆ ನೋಡುತ್ತಾಳೆ. ಪುಸ್ತಕವನ್ನು ಅಲ್ಲಿ ಕತ್ತರಿಸಿ. ಏಳನ್ನೂ ಎಣಿಸಿ, ಹಿರಿಯರನ್ನು ಕರೆಸಿ, ತೀರ್ಪು ಹೇಳಿಸಿ ಮುಗಿಸಬೇಕು ಅನ್ನಿಸುತ್ತದೆ. ಆದರೆ ಉಳಿದ ಮೂರನ್ನು ಓದುಗರು ತಾವೇ ಎಣಿಸಿಕೊಳ್ಳುತ್ತಾರೆ, ಹಾಗೆಯೇ ಹಿಂದಕ್ಕೆ ಪುಟ ತಿರುವಿ ನಾಲ್ಕು ಭೇಟಿಗಳ ದಿನವನ್ನೂ.